ಕಚೇರಿ ಕಟ್ಟಡದ ವಿರುದ್ಧ ಮೇಲ್ಮನವಿ: ಕಡತದಲ್ಲಿ ಏನಿರಬೇಕು?

ನಗರದ ನಡುಭಾಗದಲ್ಲಿ ಆರು ಮಹಡಿಯ ಕಚೇರಿ ಕಟ್ಟಡಕ್ಕೆ ಪ್ಲಾನಿಂಗ್ ಕಮಿಷನ್ (ಕಟ್ಟಡ ಯೋಜನೆಗಳನ್ನು ಪರಿಶೀಲಿಸುವ ನಗರದ ಸಮಿತಿ) ಒಪ್ಪಿಗೆ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಆ ತೀರ್ಮಾನವನ್ನು ಸಿಟಿ ಕೌನ್ಸಿಲ್ ಮುಂದೆ ಒಯ್ಯಲು ಸಾಮಾನ್ಯವಾಗಿ ಎರಡು ವಾರವಷ್ಟೇ ಸಿಗುತ್ತದೆ. ಗಡುವು ಮತ್ತು ಶುಲ್ಕ ಊರಿಂದೂರಿಗೆ ಬೇರೆ. ಎಣಿಸಬೇಕಾದದ್ದು ಕ್ಯಾಲೆಂಡರ್ ದಿನವೋ ಕಚೇರಿಯ ಕೆಲಸದ ದಿನವೋ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಒಂದು ದಿನ ತಪ್ಪಿದರೂ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ.

ಇಂಥ ವಿಚಾರಣೆಗೆ ಕೂತ ಕೌನ್ಸಿಲ್ ಸದಸ್ಯರು ಹೆಚ್ಚುಕಡಿಮೆ ನ್ಯಾಯಾಧೀಶರ ಕುರ್ಚಿಯಲ್ಲಿರುತ್ತಾರೆ. ಕಟ್ಟಡ ಚೆಂದವೋ ಅಲ್ಲವೋ ಎಂಬ ಮತದಾನ ಅಲ್ಲಿ ನಡೆಯಬಾರದು. ಪರವಾನಗಿಗೆ ಬೇಕಾದ ಪ್ರತಿಯೊಂದು ‘ಫೈಂಡಿಂಗ್’ಗೂ, ಅಂದರೆ ನಿಯಮದ ಷರತ್ತು ಈಡೇರಿದೆಯೋ ಇಲ್ಲವೋ ಎಂಬ ಲಿಖಿತ ತೀರ್ಮಾನಕ್ಕೂ, ಕಡತದಲ್ಲಿ ಆಧಾರವಿದೆಯೇ ಎಂದು ಅವರು ನೋಡಬೇಕು. ಸಾಕ್ಷ್ಯದಿಂದ ತೀರ್ಮಾನಕ್ಕೆ ಹೇಗೆ ಬಂದಿರೆಂದು ಬರೆದು ತೋರಿಸಿ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1974ರ ಟೊಪಾಂಗಾ ಪ್ರಕರಣದಲ್ಲೇ ಹೇಳಿದೆ. ಹಾಗಾಗಿ ಮೇಲ್ಮನವಿ ಬರೆಯುವವರು ಕಮಿಷನ್ನಿನ ನಿರ್ಣಯವನ್ನು ಎದುರಿಗಿಟ್ಟುಕೊಂಡು, ಯಾವ ಫೈಂಡಿಂಗ್ ತಪ್ಪು, ಯಾವ ಪುಟದ ಯಾವ ಅಂಕಿ ಅದಕ್ಕೆ ಎದುರು ನಿಲ್ಲುತ್ತದೆ ಎಂದು ಒಂದೊಂದಾಗಿ ಹಿಡಿಯಬೇಕು. ‘ನಮ್ಮ ಕಿಟಕಿಯ ನೋಟ ಹೋಗುತ್ತದೆ’ ಎಂಬ ಸಾಲು ಬಹಳಷ್ಟು ಅರ್ಜಿಗಳಲ್ಲಿ ಇದ್ದೀತು. ಖಾಸಗಿ ನೋಟಕ್ಕೆ ನಗರದ ಸ್ವಂತ ನಿಯಮವೇ ರಕ್ಷಣೆ ಕೊಡದಿದ್ದರೆ ಆ ಸಾಲಿಗೆ ತೂಕವಿಲ್ಲ. ಎತ್ತರದ ಮಿತಿ ಮೀರಲು ಕೊಟ್ಟ ವಿನಾಯಿತಿಯಲ್ಲಿ ಕಾರಣ ಬರೆದಿಲ್ಲ ಎಂದು ತೋರಿಸಿದರೆ ಕೌನ್ಸಿಲ್ ಕಿವಿ ನಿಮಿರುತ್ತದೆ.

ಪರಿಸರದ ವಾದವನ್ನು ಎತ್ತುವ ಮುನ್ನ ನಗರ ಯಾವ ದಾರಿ ಹಿಡಿದಿದೆ ನೋಡಿ. ರಾಜ್ಯದ ಪರಿಸರ ಕಾಯ್ದೆ ಸೀಕ್ವಾ (CEQA) 1970ರದು. ಪರಿಸರ ಅಧ್ಯಯನವೇ ಬೇಡವೆನ್ನುವ ಅದರ ‘32ನೇ ವರ್ಗ’ದ ವಿನಾಯಿತಿ ಬಳಸಿದ್ದರೆ ನಿವೇಶನ 5 ಎಕರೆ ಮೀರಬಾರದು, ಜನರಲ್ ಪ್ಲಾನ್ (ನಗರದ ದೀರ್ಘಕಾಲದ ಬೆಳವಣಿಗೆಯ ಯೋಜನೆ) ಮತ್ತು ಜೋನಿಂಗ್‌ಗೆ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ) ಹೊಂದಬೇಕು, ಸಂಚಾರ, ಶಬ್ದ, ಗಾಳಿ, ನೀರಿನ ಮೇಲೆ ಗಣನೀಯ ಪರಿಣಾಮ ಇರಬಾರದು. ಇವುಗಳಲ್ಲಿ ಒಂದು ಷರತ್ತು ಕಳಚಿದರೂ ವಿನಾಯಿತಿ ಬಿದ್ದುಹೋಗುತ್ತದೆ. ಗಣನೀಯ ಪರಿಣಾಮ ಇಲ್ಲವೆಂದು ನಗರ ಘೋಷಿಸುವ ‘ನೆಗೆಟಿವ್ ಡಿಕ್ಲರೇಶನ್’ ಆಗಿದ್ದರೆ ವಿರೋಧಿಗಳ ಕೆಲಸ ಇನ್ನೂ ಹಗುರ: ಗಣನೀಯ ಪರಿಣಾಮ ಆಗಬಹುದೆಂಬುದಕ್ಕೆ ವಾಸ್ತವಾಂಶದ ಬೆಂಬಲವುಳ್ಳ ಒಬ್ಬ ತಜ್ಞರ ಅಭಿಪ್ರಾಯ ಸಾಕಾಗಬಹುದು. ಪೂರ್ಣ ಪರಿಸರ ವರದಿ ಆಗಿದ್ದರೆ ಲೆಕ್ಕ ತಿರುಗುತ್ತದೆ, ತಜ್ಞರ ನಡುವಿನ ಭಿನ್ನಮತ ಮಾತ್ರದಿಂದ ವರದಿ ಬೀಳುವುದಿಲ್ಲ.

ಹೆಚ್ಚು ಜನ ಎಡವುವುದು ಟ್ರಾಫಿಕ್ ವಿಷಯದಲ್ಲಿ. 2020ರ ಜುಲೈ 1ರಿಂದ ಸೀಕ್ವಾದಡಿ ಸಿಗ್ನಲ್ಲಿನಲ್ಲಿ ಕಾಯುವ ಹೊತ್ತು ಪರಿಸರ ಪರಿಣಾಮವೆಂದು ಲೆಕ್ಕಕ್ಕೆ ಬರುವುದಿಲ್ಲ. ವಾಹನಗಳು ಒಟ್ಟು ಎಷ್ಟು ಮೈಲಿ ಓಡುತ್ತವೆ ಎಂಬುದೇ ಅಳತೆ. ಮುಖ್ಯ ಸಾರಿಗೆ ನಿಲ್ದಾಣದಿಂದ ಅರ್ಧ ಮೈಲಿಯೊಳಗಿನ ಕಚೇರಿ ಆ ಅಳತೆಯಲ್ಲಿ ಸಲೀಸಾಗಿ ಪಾರಾಗುವುದೇ ಹೆಚ್ಚು. ನಗರದ ಜನರಲ್ ಪ್ಲಾನ್‌ನಲ್ಲಿ ಹಳೆಯ ವಿಳಂಬ ಮಿತಿ ಉಳಿದಿದ್ದರೆ ಅದನ್ನು ನೀತಿಯ ಉಲ್ಲಂಘನೆ ಎಂದು ಬೇರೆಯಾಗಿ ಎತ್ತಬಹುದು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ವಿಚಾರಣೆಯ ದಿನ ಸಿಬ್ಬಂದಿ, ಮೇಲ್ಮನವಿದಾರರು, ಕಟ್ಟಡದ ಅರ್ಜಿದಾರರು, ಆಮೇಲೆ ಸಾರ್ವಜನಿಕರು ಮಾತಾಡುತ್ತಾರೆ. ಸಾರ್ವಜನಿಕರಿಗೆ ಸಿಗುವುದು ಎರಡು-ಮೂರು ನಿಮಿಷ. ಪತ್ರದಲ್ಲೋ ಮೌಖಿಕವಾಗಿಯೋ ವಿಚಾರಣೆ ಮುಗಿಯುವುದರೊಳಗೆ ಎತ್ತದ ಅಂಶವನ್ನು ಆಮೇಲೆ ಕೋರ್ಟಿನಲ್ಲಿ ಎತ್ತುವುದು ಕಷ್ಟ. ವಕೀಲರು ಕೊನೆಯ ಸಂಜೆ ನೂರಾರು ಪುಟ ತಂದು ಸುರಿಯುವುದು ಇದೇ ಕಾರಣಕ್ಕೆ. ಕಾನೂನಿಗೆ ಅದು ಸರಿ, ಓದಬೇಕಾದ ಸದಸ್ಯರಿಗೆ ಮಾತ್ರ ಶಿಕ್ಷೆ.

ಕೌನ್ಸಿಲ್ಲಿನ ಕಡೆಯ ತಪ್ಪುಗಳೂ ಕಮ್ಮಿಯೇನಲ್ಲ. ವಿಚಾರಣೆಗೂ ಮೊದಲೇ ಯೋಜನೆಯನ್ನು ಬಹಿರಂಗವಾಗಿ ತೆಗಳಿದ ಸದಸ್ಯರು ಮತ ಹಾಕಿದರೆ ಪಕ್ಷಪಾತದ ಆರೋಪಕ್ಕೆ ದಾರಿ. ಬಿಲ್ಡರ್ ಜೊತೆ ನಿವೇಶನ ಸುತ್ತಿ ಬಂದವರು ಅಲ್ಲಿ ಏನು ತಿಳಿಯಿತೆಂದು ವಿಚಾರಣೆಯ ಆರಂಭದಲ್ಲೇ ಹೇಳಿಬಿಡಬೇಕು. ಎಲ್ಲಕ್ಕಿಂತ ದುಬಾರಿ ತಪ್ಪೆಂದರೆ ರಾತ್ರಿ ಹನ್ನೊಂದಕ್ಕೆ, ತುಂಬಿದ ಸಭಾಂಗಣದ ಚಪ್ಪಾಳೆಯ ನಡುವೆ, ‘ಈ ಕಟ್ಟಡ ಅತಿಯಾಯಿತು’ ಎಂದಷ್ಟೇ ಹೇಳಿ ಮೇಲ್ಮನವಿ ಎತ್ತಿಹಿಡಿಯುವುದು. ಸಿಬ್ಬಂದಿಯ ಕರಡು ಒಪ್ಪಿಗೆಗೆಂದು ಸಿದ್ಧವಾಗಿರುತ್ತದೆ, ನಿರಾಕರಣೆಗೆ ಫೈಂಡಿಂಗ್ ಇರುವುದೇ ಇಲ್ಲ. ಅಂದು ಒಲವನ್ನಷ್ಟೇ ಸೂಚಿಸಿ, ಕಾರಣಗಳನ್ನು ಬರೆದು ತರುವಂತೆ ಸಿಬ್ಬಂದಿಗೆ ಹೇಳಿ, ಮುಂದಿನ ಸಭೆಯಲ್ಲಿ ಅಂತಿಮ ಮತ ಹಾಕುವುದು ಸರಿಯಾದ ಕ್ರಮ.

ಅಲ್ಲಿಂದ ಗಡಿಯಾರ ಮತ್ತೆ ಓಡುತ್ತದೆ: ಪರವಾನಗಿಯನ್ನು ಪ್ರಶ್ನಿಸಲು 90 ದಿನ, ಆ ಅವಧಿಯೊಳಗೆ ದಾವೆ ಹೂಡಿ, ಅದರ ನೋಟಿಸ್ ನಗರಕ್ಕೆ ಜಾರಿಯೂ ಆಗಿರಬೇಕು. ಸೀಕ್ವಾ ದಾವೆಗೆ ನಿರ್ಧಾರದ ನೋಟಿಸ್ ದಾಖಲಾದಂದಿನಿಂದ 30 ದಿನ, ವಿನಾಯಿತಿಯ ನೋಟಿಸ್ ಆಗಿದ್ದರೆ 35.