ಹೊಸ ಆಲ್ಬಂ ಕೇಳಿ ಬರೆಯುವುದು: ರಾಕ್, ಜಾನಪದ, ಎಲೆಕ್ಟ್ರಾನಿಕ್

ಆಲ್ಬಂ ವಿಮರ್ಶೆಯ ತಪ್ಪುಗಳು ಬಹುಪಾಲು ಕೇಳುವ ಹಂತದಲ್ಲೇ ಹುಟ್ಟುತ್ತವೆ. ಆ್ಯಪ್‌ನಲ್ಲಿ ಶಫಲ್ ಆನ್ ಇರುತ್ತದೆ, ಹಾಡುಗಳ ಕ್ರಮ ಕಲಸಿಹೋಗುತ್ತದೆ. ಕ್ರಾಸ್‌ಫೇಡ್ ಆನ್ ಇದ್ದರೆ ಎರಡು ಹಾಡುಗಳ ನಡುವೆ ಕಲಾವಿದರು ಬಿಟ್ಟ ಮೌನ ಮಾಯ. ಆಟೋಪ್ಲೇ ಇದ್ದರಂತೂ ಕೊನೆಯ ಹಾಡು ಮುಗಿದ ಕೂಡಲೇ ಇನ್ಯಾರದೋ ಹಾಡು ನುಗ್ಗುತ್ತದೆ. ಮೊದಲು ಈ ಮೂರನ್ನೂ ಆಫ್ ಮಾಡಿ, ಈಕ್ವಲೈಸರ್ ಫ್ಲಾಟ್ ಮಾಡಿ, ಅಂದರೆ ಬಾಸ್, ಟ್ರೆಬಲ್ ಯಾವುದನ್ನೂ ಏರಿಸಬೇಡಿ, ಇಳಿಸಬೇಡಿ. ಮೊಬೈಲ್ ಸ್ಪೀಕರ್ ನಂಬಬೇಡಿ: ರೋಲಂಡ್ ಟಿಆರ್-808 ಡ್ರಮ್ ಮಷೀನಿನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಏಟು, 50 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ, ಅಷ್ಟು ಕೆಳಗಿನ ಸದ್ದನ್ನು ಆ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ. ‘ಬೀಟ್ ಸಪ್ಪೆ’ ಎಂದು ಬರೆದವರು ಎಷ್ಟೋ ಸಲ ಆ ಬೀಟನ್ನು ಕೇಳಿಯೇ ಇರುವುದಿಲ್ಲ. ಒಂದು ಹೆಡ್‌ಫೋನ್, ಕೋಣೆಯಲ್ಲಿ ಒಂದು ಸ್ಪೀಕರ್, ಎರಡರಲ್ಲೂ ಕೇಳಬೇಕು.

ಎರಡನೆಯದು ಸದ್ದಿನ ಮಟ್ಟ. ಒಂದೇ ಹಾಡನ್ನು 1 ಡೆಸಿಬಲ್ ಏರಿಸಿ ಕೇಳಿಸಿದರೂ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನ’ ಅನ್ನುತ್ತದೆ. ಹಾಗಾಗಿ ಬ್ಯಾಂಡಿನ ಹಳೆಯ ಆಲ್ಬಂ ಜೊತೆ ಹೊಸದನ್ನು ಹೋಲಿಸುವ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು. ಸ್ಪಾಟಿಫೈನಲ್ಲಿ ನಾರ್ಮಲೈಸೇಶನ್ ಆನ್ ಇದ್ದರೆ ಸದ್ದು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಬರುತ್ತದೆ. ಫೈಲ್ ಕೈಯಲ್ಲಿದ್ದರೆ ಸದ್ದು ತಿದ್ದುವ ತಂತ್ರಾಂಶ ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್ ಬಳಸಿ, ಮೈನಸ್ 18ಕ್ಕೆ ಇಳಿಸಿ. ಇಲ್ಲೊಂದು ಎಡವಟ್ಟಿದೆ. ಹಾಡುಗಳನ್ನು ಒಂದೊಂದಾಗಿ ಸಮ ಮಾಡಿದರೆ ಮೆಲುದನಿಯ ಹಾಡೂ ಅಬ್ಬರದ ಹಾಡೂ ಒಂದೇ ಎತ್ತರಕ್ಕೆ ಬಂದು ಆಲ್ಬಮಿನ ಏರಿಳಿತವೇ ಸಾಯುತ್ತದೆ. ಇಡೀ ಆಲ್ಬಮನ್ನು ಒಂದೇ ಉದ್ದನೆಯ ಟ್ರ್ಯಾಕ್ ಆಗಿ ಜೋಡಿಸಿ, ಆಮೇಲೆ ಇಳಿಸಬೇಕು.

ಕೇಳುವುದು ಕನಿಷ್ಠ ಮೂರು ಸಲ. ಮೊದಲ ಸಲ ಸಾಹಿತ್ಯ ಓದದೆ, ಪ್ರಚಾರದ ಟಿಪ್ಪಣಿ ನೋಡದೆ, ಏನೂ ಬರೆಯದೆ. ಎರಡನೆಯ ಸಲ ನಿಮಿಷ ಮತ್ತು ಸೆಕೆಂಡ್ ಗುರುತು ಹಾಕುತ್ತ. ಮೂರನೆಯದು ಎರಡು ದಿನ ಬಿಟ್ಟು, ಬೇರೆ ಸ್ಪೀಕರಿನಲ್ಲಿ. ಪ್ರಚಾರದ ಟಿಪ್ಪಣಿಯನ್ನು ಇದೆಲ್ಲ ಮುಗಿದ ಮೇಲೆಯೇ ತೆರೆಯಿರಿ. ಮೊದಲೇ ಓದಿದರೆ ಅದರ ವಿಶೇಷಣಗಳು ನಿಮ್ಮ ಕಿವಿಯೊಳಗೆ ಕೂತುಬಿಡುತ್ತವೆ.

ಇನ್ನು ರಾಕ್. ನುಡಿಸಾಣಿಕೆ, ಹಾಡಿನ ಕಟ್ಟಡ, ಮಿಕ್ಸ್ (ವಾದ್ಯ, ದನಿಗಳ ಸದ್ದನ್ನು ಹದವಾಗಿ ಬೆರೆಸುವುದು), ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಬಿಡುಗಡೆಗೆ ಮುನ್ನ ಕೊಡುವ ಕೊನೆಯ ಹದ) ಈ ನಾಲ್ಕನ್ನೂ ಬೇರೆ ಬೇರೆ ತೂಗಲು ಕಲಿಯಬೇಕು. ಮೆಟಾಲಿಕಾ ಬ್ಯಾಂಡಿನ 2008ರ ‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆ ಒಳ್ಳೆಯ ಪಾಠ. ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೊ ಆಟಕ್ಕೂ ಬಂದವು. ಆಟದ ಆವೃತ್ತಿಯಲ್ಲಿ ಡ್ರಮ್ಮಿನ ಏಟುಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು, ಸಿಡಿಯಲ್ಲಿ ಒಡೆದು ಮುದ್ದೆಯಾಗಿದ್ದವು. ನುಡಿಸಿದವರು ಅವರೇ, ನುಡಿಸಿದ್ದೂ ಅದೇ. ಕೆಟ್ಟದ್ದು ಆಮೇಲಿನ ಹಂತದಲ್ಲಿ. ಲಿಮಿಟರ್ ಸದ್ದಿನ ತುದಿಗಳನ್ನು ಒತ್ತಿಹಿಡಿಯುತ್ತದೆ, ಆಮೇಲೆ ಇಡೀ ಹಾಡನ್ನು ಮೇಲಕ್ಕೆತ್ತುತ್ತಾರೆ. ಸ್ನೇರ್ ಡ್ರಮ್ಮಿನ ಮೊದಲ ಚಟ್ ಎಂಬ ಸದ್ದು ಇರುವುದು ಆ ತುದಿಯಲ್ಲೇ. ಅದು ಹೋದರೆ ಏಟಿಗೆ ಜೀವವಿಲ್ಲ. ಪರೀಕ್ಷೆ ಸುಲಭ: ಚರಣದಿಂದ ಪಲ್ಲವಿಗೆ ಬಂದಾಗ ವಾದ್ಯಗಳು ಹೆಚ್ಚಿದರೂ ಹಾಡು ಮೇಲೆದ್ದಂತೆ ಅನಿಸದಿದ್ದರೆ, ಮೂರನೆಯ ಹಾಡಿಗೇ ಕಿವಿ ದಣಿದರೆ, ಆಡಾಸಿಟಿಯಲ್ಲಿ ತರಂಗಚಿತ್ರ ತೆರೆಯಿರಿ. ಇಟ್ಟಿಗೆಯಂತೆ ಚಪ್ಪಟೆ ಕಾಣುತ್ತಿದ್ದರೆ ಕಾರಣ ಸಿಕ್ಕಿತು. ಆದರೆ ಪಂಕ್‌ನಲ್ಲೋ ಬ್ಲ್ಯಾಕ್ ಮೆಟಲ್‌ನಲ್ಲೋ ಈ ಒಡಕು ಬೇಕೆಂದೇ ಇಟ್ಟದ್ದಾಗಿರಬಹುದು. ಹಾಡಿನ ಉಳಿದ ಅಂಗಗಳು ಆ ಒಡಕಿಗೆ ಹೆಗಲು ಕೊಡುತ್ತಿವೆಯೇ ನೋಡಿ, ಆಮೇಲೆ ದೋಷ ಎನ್ನಿ.

ಜಾನಪದ, ತತ್ವಪದ ಆಧರಿಸಿದ ಆಲ್ಬಮುಗಳ ವಿಮರ್ಶೆಯೇ ನಮ್ಮಲ್ಲಿ ತೀರ ಸೊರಗಿದೆ. ‘ಬೇರಿಗೆ ಮರಳಿದ್ದಾರೆ’, ‘ಮಣ್ಣಿನ ವಾಸನೆ’ ಎಂದು ಬರೆದು ಮುಗಿಸುತ್ತಾರೆ. ಮಣ್ಣು ಯಾವ ಊರಿನದು? ಅಲ್ಲಿಂದ ಶುರು ಮಾಡಬೇಕು. ಶಿಶುನಾಳ ಶರೀಫರನ್ನೇ ತೆಗೆದುಕೊಳ್ಳಿ. 1819ರಿಂದ 1889ರವರೆಗೆ ಬದುಕಿದ್ದ ಅವರ ಪದಗಳು ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದವು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಸಂಗೀತ ಕೊಟ್ಟರು, ಆ ಧಾಟಿಗಳು ಮನೆಮಾತಾದವು. ರಘು ದೀಕ್ಷಿತ್ ಪ್ರಾಜೆಕ್ಟ್ ತನ್ನ 2008ರ ಆಲ್ಬಮಿನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿತು. ನಾಳೆ ಇನ್ನೊಂದು ಬ್ಯಾಂಡ್ ಶರೀಫರ ಪದ ಎತ್ತಿಕೊಂಡರೆ ವಿಮರ್ಶಕರು ಕೇಳಬೇಕಾದ ಮೊದಲ ಪ್ರಶ್ನೆ: ಈ ಧಾಟಿ ಎಲ್ಲಿಯದು? ಭಜನೆಯದೇ, ಸಂಯೋಜಕರೊಬ್ಬರು ಕೂಡಿಸಿದ್ದೇ, ಬ್ಯಾಂಡೇ ಹೊಸದಾಗಿ ಕಟ್ಟಿದ್ದೇ? ಕ್ರೆಡಿಟ್‌ನಲ್ಲಿ ‘ಸಾಂಪ್ರದಾಯಿಕ’ ಎಂದು ಬರೆದು, ಹಾಡಿರುವುದು ಸುಗಮ ಸಂಗೀತದ ಸಂಯೋಜಕರೊಬ್ಬರ ಧಾಟಿಯನ್ನಾಗಿದ್ದರೆ ಅದನ್ನು ಹೇಳುವುದು ವಿಮರ್ಶಕರ ಕರ್ತವ್ಯ.

ಎರಡನೆಯ ಪ್ರಶ್ನೆ: ಯಾವ ನುಡಿ ಬಿಟ್ಟಿದ್ದಾರೆ? ಪದ ಉದ್ದ, ಹಾಡು ನಾಲ್ಕು ನಿಮಿಷ, ಕತ್ತರಿ ಬೀಳಲೇಬೇಕು. ಆದರೆ ಕತ್ತರಿ ಬೀಳುವುದು ಸಾಮಾನ್ಯವಾಗಿ ಕೊನೆಗೆ, ಅಂಕಿತ ಇರುವುದೂ ಕೊನೆಯ ನುಡಿಯಲ್ಲೇ. ‘ಶಿಶುನಾಳಧೀಶ’ ಹೋದರೆ ಪದವನ್ನು ಯಾರಿಗೆ ಅರ್ಪಿಸಿದ್ದೋ ಆ ಹೆಸರೇ ಹೋಯಿತು. ಅನುಭಾವದ ಪದ ಬರೀ ಮೋಜಿನ ಹಾಡಾಗಿ ಉಳಿಯಿತು. ಅಚ್ಚಾದ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕಿ. ಹತ್ತು ನಿಮಿಷದ ಕೆಲಸ.

ಆಮೇಲೆ ಉಚ್ಚಾರ. ಧಾರವಾಡ ಸೀಮೆಯ ಮಾತನ್ನು ಬೆಂಗಳೂರಿನ ನಾಲಿಗೆಗೆ ಒಗ್ಗಿಸಿದ್ದಾರೆಯೇ? 4/4 ತಾಳಕ್ಕೆ ಕೂರಿಸಲು ಹ್ರಸ್ವವನ್ನು ದೀರ್ಘ ಮಾಡಿದ್ದಾರೆಯೇ? ಕನ್ನಡದಲ್ಲಿ ಇದು ಸಣ್ಣ ವಿಷಯವಲ್ಲ, ‘ಕಡು’ ಎಳೆದರೆ ‘ಕಾಡು’ ಆಗುತ್ತದೆ. ಕೊನೆಯದು ಪಿಚ್ ಕರೆಕ್ಷನ್, ಅಂದರೆ ಶ್ರುತಿ ತಪ್ಪಿದ ದನಿಯನ್ನು ತಂತ್ರಾಂಶದಿಂದ ಸರಿಪಡಿಸುವುದು. ಅದರ ವೇಗ ಹೆಚ್ಚಿಟ್ಟರೆ ಸ್ವರದಿಂದ ಸ್ವರಕ್ಕೆ ಜಾರುವ ದನಿ ಮೆಟ್ಟಿಲು ಹತ್ತಿದಂತೆ ಕೇಳುತ್ತದೆ. ಸಾಲಿನ ಕೊನೆಯ ಎಳೆತವನ್ನು ಹೆಡ್‌ಫೋನ್‌ನಲ್ಲಿ ಕೇಳಿ, ಅಲ್ಲಿ ಸಿಕ್ಕಿಬೀಳುತ್ತದೆ.

ಎಲೆಕ್ಟ್ರಾನಿಕ್ ಸಂಗೀತಕ್ಕೆ ‘ಒಂದೇ ಸಮನೆ ಅದೇ’ ಎಂಬ ದೂರು ಕೆಲಸಕ್ಕೆ ಬಾರದು. ಮರುಕಳಿಕೆ ಅಲ್ಲಿ ಜಗಲಿ. ಆಟ ಅದರ ಮೇಲೆ ನಡೆಯುತ್ತದೆ. ಎಣಿಸುವುದು ಕಲಿಯಿರಿ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್), 4/4 ತಾಳದಲ್ಲಿ 16 ಬಾರ್‌ಗೆ (ನಾಲ್ಕು ಬೀಟಿಗೆ ಒಂದು ಬಾರ್) ಸರಿಯಾಗಿ 30 ಸೆಕೆಂಡ್. ಪ್ರತಿ 30 ಸೆಕೆಂಡಿಗೆ ಏನು ಬಂತು, ಏನು ಹೋಯಿತು ಬರೆದುಕೊಳ್ಳಿ: ಹೈಹ್ಯಾಟ್ (ಜೋಡಿ ತಾಳದ ಸದ್ದು) ತೆರೆಯಿತೇ, ಫಿಲ್ಟರ್ ಮೇಲೇರಿ ಮಂಕಾಗಿದ್ದ ಸದ್ದು ಬೆಳಗಿತೇ, ಕಿಕ್ ನಿಂತಿತೇ. ಆರು ನಿಮಿಷದ ಟ್ರ್ಯಾಕಿಗೆ 12 ಸಾಲು ಆಗುತ್ತದೆ. ಆ ಪಟ್ಟಿಯಲ್ಲಿ ನಾಲ್ಕೈದು ಸಾಲು ಬೆನ್ನುಬೆನ್ನಿಗೆ ಖಾಲಿ ಇದ್ದು, ಕೇಳುವಾಗಲೂ ಅಲ್ಲಿ ಗಮನ ಜಾರಿದ್ದರೆ ಆಗ ಬೇಸರದ ಮಾತಿಗೆ ಆಧಾರ ಸಿಕ್ಕಂತೆ.

ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ನುಡಿಸಿದ ಆಲ್ಬಂ ಹೊಸಬರು ಕೇಳಲೇಬೇಕಾದದ್ದು. ಬಳಸಿದ್ದು ರೋಲಂಡ್ ಕಂಪನಿಯ ಮೂರು ಯಂತ್ರ: ಬಾಸ್ ನುಡಿಸುವ ಟಿಬಿ-303, ಡ್ರಮ್ಮಿನ ಟಿಆರ್-808, ಜುಪಿಟರ್-8 ಸಿಂಥಸೈಜರ್. 303ರಲ್ಲಿ ಸ್ಲೈಡ್ ಎಂಬ ಸೌಲಭ್ಯವಿದೆ, ಒಂದು ಸ್ವರ ಇನ್ನೊಂದಕ್ಕೆ ಜಾರುತ್ತದೆ. ರಾಗ ನುಡಿಸುವವರ ಕಿವಿಗೆ ಅದು ಮೀಂಡಿನಂತೆ (ಸ್ವರದಿಂದ ಸ್ವರಕ್ಕೆ ಜಾರುವ ಹಿಂದುಸ್ತಾನಿ ಬಗೆ) ಒದಗಿಬಂತು. ಆ ಕಾಲಕ್ಕೆ ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ‘ಆ್ಯಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲಿ’ ಎಂಬ ಮಾತು ಓಡಾಡಿತು (ಆ್ಯಸಿಡ್ ಹೌಸ್ ಅಂದರೆ 303ರ ಸದ್ದಿನ ಮೇಲೆ ಕಟ್ಟಿದ ನೃತ್ಯಸಂಗೀತ), ಏಕೆಂದರೆ ಷಿಕಾಗೋದ ಫ್ಯೂಚರ್ ತಂಡ ಅದೇ 303 ಹಿಡಿದು ಹೆಸರು ಮಾಡಿದ್ದು 1987ರಲ್ಲಿ. ಎರಡೂ ಹತ್ತಿರ ಕೇಳುತ್ತವೆ, ನಿಜ. ಆದರೆ ಒಂದೇ ಯಂತ್ರ ಬಳಸಿದರೆ ಒಂದೇ ಬಗೆಯ ಸದ್ದು ಬರುವುದು ಸಹಜ. ಷಿಕಾಗೋದವರು ಮುಂಬೈಯ ರೆಕಾರ್ಡ್ ಕೇಳಿದ್ದರು ಎನ್ನಲು ಪುರಾವೆ ಬೇಕು. ಸಾಮ್ಯವನ್ನು ಪ್ರಭಾವ ಎಂದು ಬರೆಯುವುದು ಆಲ್ಬಂ ವಿಮರ್ಶೆಯಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು. ‘ಇದು ಅದನ್ನು ನೆನಪಿಸುತ್ತದೆ’ ಎಂದರೆ ಸಾಕು, ‘ಅದರಿಂದ ಬಂತು’ ಎನ್ನಬೇಡಿ.

ಬರೆಯಲು ಕೂತಾಗ ಒಂದೊಂದು ಗುಣವಾಚಕಕ್ಕೂ ಒಂದು ಸಮಯದ ಗುರುತು ಇರಲಿ. ‘ನಿರ್ಮಾಣ ಅದ್ಭುತ’ ಎಂಬುದರಿಂದ ಓದುಗರಿಗೆ ಏನೂ ಸಿಗದು. ‘ಮೂರನೆಯ ಹಾಡಿನ 2:10ಕ್ಕೆ ಬಾಸ್ ನಿಲ್ಲುತ್ತದೆ, ಎಂಟು ಬಾರ್ ಬರೀ ದನಿ ಮತ್ತು ತಾಳ, ಬಾಸ್ ಮರಳಿದಾಗ ಪಲ್ಲವಿ ಹೊಸದಾಗಿ ಕೇಳುತ್ತದೆ’ ಎಂದು ಬರೆದರೆ ಓದುಗರು ಅಲ್ಲಿಗೇ ಹೋಗಿ ನಿಮ್ಮ ಮಾತನ್ನು ಒಪ್ಪಬಹುದು, ಇಲ್ಲವೇ ತಳ್ಳಿಹಾಕಬಹುದು. ಅಂಕ ಕೊಡುವುದಿದ್ದರೆ ಕಟ್ಟಕಡೆಗೆ ಕೊಡಿ. ಮೊದಲೇ ಹತ್ತಕ್ಕೆ ಏಳೂವರೆ ಎಂದು ನಿರ್ಧರಿಸಿದರೆ ವಾಕ್ಯಗಳು ಆ ಅಂಕಕ್ಕೆ ವಕಾಲತ್ತು ಹಾಕತೊಡಗುತ್ತವೆ. ಪ್ರಕಟಿಸುವ ಮುನ್ನ ನೀವು ಕೊಟ್ಟ ಸಮಯದ ಗುರುತುಗಳನ್ನೆಲ್ಲ ಇನ್ನೊಮ್ಮೆ ಹಾಕಿ ಕೇಳಿ. ಬರೆದದ್ದು ಅಲ್ಲಿ ಕೇಳದಿದ್ದರೆ ಆ ವಾಕ್ಯ ಹೊಡೆದುಹಾಕಿ.