ಪದ ಪರಿಚಯ: ಪೇಟೆಂಟ್ ಮಾಹಿತಿ

ಕೃತಕ ಕಾಲು ಹಾಕಿಕೊಳ್ಳುವ ಅನೇಕರು ಮೊದಲು ಒಂದು ಮೆತ್ತನೆಯ ಸಿಲಿಕೋನ್ ಚೀಲ ಹಾಕಿಕೊಳ್ಳುತ್ತಾರೆ. ಅದರ ಒಳಮೈಯನ್ನು ಹೊರಗೆ ಮಾಡಿ, ಉಳಿದ ಕಾಲಿನ ತುದಿಗೆ ಒತ್ತಿ ಹಿಡಿದು, ಮೇಲಕ್ಕೆ ಉರುಳಿಸುತ್ತಾ ಹೋಗಬೇಕು. ಉರುಳುತ್ತಾ ಹೋದ ಹಾಗೆ ನಡುವಿನ ಗಾಳಿ ಹೊರಗೆ ಹೋಗುತ್ತದೆ, ಚೀಲ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕೃತಕ ಕಾಲು ಜಾರುವುದು ಕಮ್ಮಿ, ಉಜ್ಜಿ ಗಾಯವಾಗುವುದೂ ಕಮ್ಮಿ. 1980ರ ದಶಕದಲ್ಲಿ ಇದನ್ನು ಬಳಕೆಗೆ ತಂದವರು ಐಸ್‌ಲ್ಯಾಂಡಿನ ಓಸ್ಸುರ್ ಕ್ರಿಸ್ಟಿನ್ಸನ್. ಕೃತಕ ಕಾಲು ಮಾಡುವುದು ಅವರ ಕಸುಬು. ಸ್ವತಃ ಅವರೂ ಕೃತಕ ಕಾಲಿನಲ್ಲೇ ನಡೆದವರು.

ಆ ಚೀಲಕ್ಕೆ ಪೇಟೆಂಟ್ ಸಿಕ್ಕಿತು. ಅಂದರೆ ಬೇರೆ ಯಾರೂ ಕೆಲವು ವರ್ಷ ಅದನ್ನು ಮಾಡಿ ಮಾರುವಂತಿಲ್ಲ. ಪೇಟೆಂಟಿನ ಈ ಮುಖ ಎಲ್ಲರಿಗೂ ಗೊತ್ತು. ಇನ್ನೊಂದು ಮುಖದ ಬಗ್ಗೆ ಮಾತು ಕಮ್ಮಿ. ಹಕ್ಕು ಬೇಕಾದರೆ ಗುಟ್ಟು ಬಿಟ್ಟುಕೊಡಬೇಕು. ಆ ಕಸುಬು ಬಲ್ಲ ಇನ್ನೊಬ್ಬರು ಓದಿ ಮಾಡಿ ನೋಡುವಷ್ಟು ಸ್ಪಷ್ಟವಾಗಿ, ಬೇಕಾದಲ್ಲಿ ಚಿತ್ರ ಸಮೇತ, ಬರೆದು ಕೊಡಬೇಕು. ಸಾಮಾನ್ಯವಾಗಿ ಮೊದಲ ಅರ್ಜಿ ಹಾಕಿ 18 ತಿಂಗಳಾದ ಮೇಲೆ ಪೇಟೆಂಟ್ ಕಚೇರಿ ಅದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಹೀಗೆ ಹೊರಬಂದ ಬರಹ, ಚಿತ್ರ, ಹೆಸರು, ತಾರೀಖು, ಮುಂದೆ ಆ ಪೇಟೆಂಟಿಗೆ ಏನಾಯಿತು ಎಂಬ ದಾಖಲೆ, ಇವೆಲ್ಲ ಸೇರಿದ್ದೇ ‘ಪೇಟೆಂಟ್ ಮಾಹಿತಿ’.

‘ಪೇಟೆಂಟ್’ ಪದದ ಹುಟ್ಟಿನಲ್ಲೇ ಈ ಅರ್ಥ ಇದೆ. ‘ತೆರೆದಿರು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ಅದು. ರಾಜರು ಮೊಹರು ಹಾಕಿ ಮುಚ್ಚದೆ, ಎಲ್ಲರೂ ಓದಲಿ ಎಂದು ಕೊಡುತ್ತಿದ್ದ ತೆರೆದ ಪತ್ರದ ಹೆಸರು. ಕನ್ನಡದ ಪತ್ರಿಕೆಗಳಲ್ಲಿ ಕೆಲವೊಮ್ಮೆ ‘ಹಕ್ಕುಸ್ವಾಮ್ಯ’ ಅಂತ ಬರೆಯುತ್ತಾರೆ. ಪುಸ್ತಕದ ಕಾಪಿರೈಟಿಗೂ ಅದೇ ಪದ ಬಳಸುವುದರಿಂದ ಗೊಂದಲ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಆ ಪದದಲ್ಲಿ ಹಕ್ಕು ಮಾತ್ರ ಉಳಿದು ‘ತೆರೆದದ್ದು’ ಎಂಬ ಭಾವ ಕಳೆದುಹೋಗುತ್ತದೆ. ನನಗೆ ಪೇಟೆಂಟ್ ಅನ್ನುವುದೇ ಸರಿ ಅನಿಸುತ್ತದೆ.

ಈ ಮಾಹಿತಿಯನ್ನು ಇಟ್ಟುಕೊಂಡು ಕಾಯುವವರು ಯಾರು? ಅಮೆರಿಕ, ಚೀನಾದ ಪೇಟೆಂಟ್ ಕಚೇರಿಗಳಲ್ಲಿ ಅರ್ಜಿ ಪರಿಶೀಲಿಸುವ ಸಾವಿರಾರು ಪರೀಕ್ಷಕರಿದ್ದಾರೆ. ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆಯೇ ಸುಮಾರು 4 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ದಾವಣಗೆರೆ ನಗರದ ಜನಸಂಖ್ಯೆಯೇ ಅದಕ್ಕಿಂತ ಜಾಸ್ತಿ ಇತ್ತು. ಅಷ್ಟು ಪುಟ್ಟ ದೇಶಕ್ಕೂ ರೆಯ್ಕ್ಯಾವಿಕ್‌ನಲ್ಲಿ ತನ್ನದೇ ಪೇಟೆಂಟ್ ಕಚೇರಿ ಇದೆ. 2019ರಿಂದ ಅದರ ಹೆಸರು ‘ಹುಗ್ವೆರ್ಕಾಸ್ತೋವನ್’. ಅವರ ಭಾಷೆಯಲ್ಲಿ ‘ಹುಗುರ್’ ಅಂದರೆ ಮನಸ್ಸು, ‘ವೆರ್ಕ್’ ಅಂದರೆ ಕೆಲಸ. ಮನಸ್ಸಿನ ಕೆಲಸಗಳ ಕಚೇರಿ. ಎಷ್ಟು ಚೆಂದ ಅಲ್ವಾ?

ಇಂಥ ಕಚೇರಿ ಜಗತ್ತಿನ ಪೇಟೆಂಟುಗಳನ್ನೆಲ್ಲ ತಾನೇ ಕೂಡಿಡಲು ಹೊರಟರೆ ಆಗುವ ಮಾತಲ್ಲ. ಅದು ಮಾಡಬೇಕಾದ್ದು ತನ್ನ ಮನೆಯ ಲೆಕ್ಕ ಸರಿಯಾಗಿ ಬರೆದು, ಎಲ್ಲರಿಗೂ ಅರ್ಥವಾಗುವ ರೀತಿಯಲ್ಲಿ ಹಂಚುವುದು. ಎಲ್ಲ ದೇಶಗಳೂ ಹಾಗೆ ಮಾಡಿದರೆ ಒಂದು ದೊಡ್ಡ ಕಣಜ ತಾನಾಗಿ ತುಂಬುತ್ತದೆ. ಯುರೋಪಿಯನ್ ಪೇಟೆಂಟ್ ಕಚೇರಿಯ ‘ಎಸ್ಪಾಸ್‌ನೆಟ್’ ಅಂಥ ಕಣಜ. 1998ರಲ್ಲಿ ಶುರುವಾದ ಈ ಜಾಲತಾಣದಲ್ಲಿ ಈಗ 15 ಕೋಟಿಗೂ ಜಾಸ್ತಿ ದಾಖಲೆಗಳಿವೆ. ನೋಡಲು ದುಡ್ಡು ಕೊಡಬೇಕಿಲ್ಲ.

‘ಎಲ್ಲರಿಗೂ ಅರ್ಥವಾಗುವ ರೀತಿ’ ಅಂದೆನಲ್ಲ, ಅದನ್ನು ಹತ್ತಿರದಿಂದ ನೋಡೋಣ. ಯಾವುದೇ ದೇಶದ ಪೇಟೆಂಟಿನ ಮೊದಲ ಪುಟ ತೆಗೆಯಿರಿ. ಒಂದೊಂದು ಸಾಲಿನ ಮುಂದೆ ಪುಟ್ಟ ಅಂಕಿ ಇರುತ್ತದೆ. 22 ಅಂದರೆ ಅರ್ಜಿ ಹಾಕಿದ ದಿನ. 54 ಅಂದರೆ ಶೀರ್ಷಿಕೆ. 72 ಅಂದರೆ ಕಂಡುಹಿಡಿದವರು. 73 ಅಂದರೆ ಹಕ್ಕುದಾರರು. ಪುಟ ಜಪಾನಿ ಭಾಷೆಯಲ್ಲಿರಲಿ, ಐಸ್‌ಲ್ಯಾಂಡಿಕ್‌ನಲ್ಲಿರಲಿ, 72ರ ಮುಂದೆ ಇರುವುದು ಕಂಡುಹಿಡಿದವರ ಹೆಸರೇ. ಭಾಷೆಯ ಒಂದಕ್ಷರ ಬಾರದವರಿಗೂ ಇಷ್ಟು ತಿಳಿಯುತ್ತದೆ.

51ರ ಮುಂದೆ ವರ್ಗದ ಸಂಖ್ಯೆ. ಆ ಸಿಲಿಕೋನ್ ಚೀಲದಂಥ ವಸ್ತುಗಳನ್ನು ಹುಡುಕಲು ‘ಎ61ಎಫ್ 2/78’ ಎಂಬ ವರ್ಗಕ್ಕೆ ಹೋಗಬೇಕು. ಎ ಅಂದರೆ ಮನುಷ್ಯನ ದಿನಬಳಕೆಯ ಅಗತ್ಯಗಳು. ಎ61 ಅಂದರೆ ವೈದ್ಯಕೀಯ. ಎ61ಎಫ್‌ಗೆ ಬಂದರೆ ಕೃತಕ ಅಂಗ, ಬ್ಯಾಂಡೇಜು ಇತ್ಯಾದಿ. 2/78 ಅಂದರೆ ಕೃತಕ ಅಂಗವನ್ನು ಮೈಗೆ ಹಿಡಿಸುವ ಸಾಧನಗಳು. ಮನೆ ವಿಳಾಸದ ಹಾಗೆ: ಊರು, ಬಡಾವಣೆ, ರಸ್ತೆ, ಬಾಗಿಲು. ಈ ವರ್ಗಗಳಿಗೆ ಆಧಾರ, ಹಲವು ದೇಶಗಳು ಸೇರಿ ಮಾಡಿಕೊಂಡ 1971ರ ಸ್ಟ್ರಾಸ್‌ಬರ್ಗ್ ಒಪ್ಪಂದ. ಒಂದೇ ವಸ್ತುವನ್ನು ಒಬ್ಬರು ‘ಚೀಲ’, ಇನ್ನೊಬ್ಬರು ‘ಕವಚ’, ಮತ್ತೊಬ್ಬರು ‘ಗವಸು’ ಅಂತ ಕರೆದಿರಬಹುದು. ಪದ ಹಾಕಿ ಹುಡುಕಿದರೆ ತಪ್ಪಿಹೋಗುತ್ತವೆ, ವರ್ಗ ಹಾಕಿದರೆ ಸಿಗುತ್ತವೆ.

ಹೆಸರುಗಳ ವಿಷಯದಲ್ಲಿ ಐಸ್‌ಲ್ಯಾಂಡಿಗೆ ತನ್ನದೇ ತೊಡಕುಗಳಿವೆ. ಅಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇಲ್ಲ. ‘ಕ್ರಿಸ್ಟಿನ್ಸನ್’ ಅಂದರೆ ಕ್ರಿಸ್ಟಿನ್‌ನ ಮಗ ಅಂತ ಅಷ್ಟೇ. ಅವರ ಅಚ್ಚಿನ ಫೋನ್ ಡೈರೆಕ್ಟರಿಯಲ್ಲೂ ಜೋಡಣೆ ಮೊದಲ ಹೆಸರಿನಿಂದಲೇ ಇರುತ್ತಿತ್ತು. ಜಗತ್ತಿನ ಡೇಟಾಬೇಸುಗಳು ಮಾತ್ರ ಕೊನೆಯ ಹೆಸರನ್ನೇ ಮುಂದಿಡುತ್ತವೆ. ಇದರ ಜೊತೆಗೆ ಅವರ ಲಿಪಿಯಲ್ಲಿ ‘ಥಾರ್ನ್’, ‘ಎಥ್’ ಎಂಬ ಎರಡು ಹಳೆಯ ಅಕ್ಷರಗಳಿವೆ. ಹೊರಗಿನ ದಾಖಲೆಗಳಲ್ಲಿ ಅವು ಒಂದೊಂದು ಕಡೆ ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಬದಲಾಗುತ್ತವೆ. ಒಬ್ಬರದೇ ಹೆಸರು ಮೂರು ಥರ ಕಾಣಬಹುದು. ಇನಿಷಿಯಲ್ ಹಿಂದೆ ಮುಂದೆ ಆಗಿ, ‘ಇದು ನೀವೇನಾ?’ ಅಂತ ಕೌಂಟರಿನಲ್ಲಿ ಕೇಳಿಸಿಕೊಂಡ ಕನ್ನಡಿಗರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.

ಇನ್ನು ಭಾಷೆ. ಐಸ್‌ಲ್ಯಾಂಡ್ 2004ರ ನವೆಂಬರ್ 1ರಂದು ಯುರೋಪಿಯನ್ ಪೇಟೆಂಟ್ ಒಪ್ಪಂದಕ್ಕೆ ಸೇರಿತು. ಅಲ್ಲಿಂದ ಮುಂದೆ ಮ್ಯೂನಿಕ್‌ನಲ್ಲಿರುವ ಯುರೋಪಿಯನ್ ಪೇಟೆಂಟ್ ಕಚೇರಿ ಕೊಟ್ಟ ಪೇಟೆಂಟುಗಳು ಐಸ್‌ಲ್ಯಾಂಡಿನಲ್ಲೂ ಜಾರಿಗೆ ಬರುವಂತಾಯಿತು. ಆದರೆ ಸುಮ್ನೆ ಬರುವುದಿಲ್ಲ, ಹಕ್ಕುದಾರರು ಅಲ್ಲಿನ ಕಚೇರಿಗೆ ಅನುವಾದ ಸಲ್ಲಿಸಬೇಕು. 2008ರ ಮೇ 1ರಂದು ಜಾರಿಗೆ ಬಂದ ಲಂಡನ್ ಒಪ್ಪಂದದ ಪ್ರಕಾರ ಉದ್ದನೆಯ ವಿವರಣೆ ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ. ಕ್ಲೇಮುಗಳು ಮಾತ್ರ ಐಸ್‌ಲ್ಯಾಂಡಿಕ್‌ನಲ್ಲೇ ಇರಬೇಕು. ಹಕ್ಕಿನ ಎಲ್ಲೆ ಎಲ್ಲಿಂದ ಎಲ್ಲಿಗೆ ಅಂತ ಹೇಳುವ ವಾಕ್ಯಗಳಿಗೆ ಕ್ಲೇಮು ಅನ್ನುತ್ತಾರೆ. ನೀನು ಏನು ಮಾಡಬಾರದು ಅಂತ ಒಬ್ಬ ಮನುಷ್ಯನಿಗೆ ಹೇಳುವುದಾದರೆ ಅವನ ಭಾಷೆಯಲ್ಲೇ ಹೇಳಬೇಕು. ನಾಲ್ಕು ಲಕ್ಷ ಜನರ ದೇಶ ಈ ಮಾತನ್ನು ಬಿಟ್ಟುಕೊಟ್ಟಿಲ್ಲ. ನನಗೆ ಇದು ತುಂಬ ದೊಡ್ಡ ವಿಷಯ ಅನಿಸುತ್ತದೆ.

ಹೊಸ ಅರ್ಜಿ ಬಂದಾಗ, ಇದು ಹಿಂದೆ ಎಲ್ಲಾದರೂ ಇತ್ತಾ ಅಂತ ಹುಡುಕುವುದು ಅತಿ ಕಷ್ಟದ ಕೆಲಸ. ಎಲ್ಲ ವಿಷಯಕ್ಕೂ ಒಬ್ಬೊಬ್ಬ ಪರಿಣತರನ್ನು ಇಟ್ಟುಕೊಳ್ಳುವುದು ಸಣ್ಣ ಕಚೇರಿಗೆ ಆಗುವುದಿಲ್ಲ. ಅದಕ್ಕೇ ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್ ಸೇರಿ ನಾರ್ಡಿಕ್ ಪೇಟೆಂಟ್ ಇನ್‌ಸ್ಟಿಟ್ಯೂಟ್ ಕಟ್ಟಿಕೊಂಡವು. 2008ರಿಂದ ಅದು, ಹಲವು ದೇಶಗಳಿಗೆ ಸೇರಿಸಿ ಒಟ್ಟಿಗೆ ಹಾಕುವ ಅಂತರರಾಷ್ಟ್ರೀಯ ಅರ್ಜಿಗಳಿಗೆ ಈ ಹುಡುಕಾಟ ಮಾಡಿಕೊಡುತ್ತಿದೆ. ಮುಯ್ಯಾಳಿನ ಪದ್ಧತಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಬೇರೆ ಯಾರೂ ಮಾಡಲಾಗದ, ಆ ಕಚೇರಿಯೇ ಮಾಡಬೇಕಾದ ಕೆಲಸ ಯಾವುದು? ರಿಜಿಸ್ಟರ್. ನಮ್ಮಲ್ಲಿ ಪಹಣಿ ಇದ್ದ ಹಾಗೆ. ಸರ್ವೆ ನಂಬರ್ ಯಾವುದು, ಈಗ ಯಾರ ಹೆಸರಿನಲ್ಲಿದೆ, ಮಾರಾಟ ಆಗಿದೆಯಾ, ತಕರಾರು ಇದೆಯಾ? ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ವರ್ಷ ವರ್ಷ ಶುಲ್ಕ ಕಟ್ಟದಿದ್ದರೆ ಅದು ನಡುವೆಯೇ ಬಿದ್ದುಹೋಗುತ್ತದೆ. ಒಂದೇ ಶೋಧದ ಪೇಟೆಂಟ್ ಜರ್ಮನಿಯಲ್ಲಿ ಜೀವಂತ ಇದ್ದು, ಐಸ್‌ಲ್ಯಾಂಡಿನಲ್ಲಿ ಸತ್ತಿರಬಹುದು. ಸತ್ತಿದೆ ಅಂತ ಖಚಿತವಾಗಿ ಹೇಳಬಲ್ಲದ್ದು ರೆಯ್ಕ್ಯಾವಿಕ್‌ನ ರಿಜಿಸ್ಟರ್ ಮಾತ್ರ. ಅಲ್ಲಿ ಒಂದು ಸಾಲು ಬರೆಯುವುದು ತಡವಾದರೆ, ಎಸ್ಪಾಸ್‌ನೆಟ್ ನೋಡುವ ಎಲ್ಲರಿಗೂ ಸುದ್ದಿ ತಡವಾಗಿ ಸಿಗುತ್ತದೆ. ಜಾಗತಿಕ ಕಣಜ ಎಷ್ಟೇ ದೊಡ್ಡದಿರಲಿ, ಐಸ್‌ಲ್ಯಾಂಡಿನ ಮಟ್ಟಿಗೆ ಅದು ನಂಬುವುದು ಆ ಪುಟ್ಟ ಕಚೇರಿಯನ್ನೇ.

ಒಂದು ದೇಶದ ಪೇಟೆಂಟ್ ಆ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಯಾವುದೋ ಯಂತ್ರಕ್ಕೆ ಹೊರದೇಶದಲ್ಲಿ ಪೇಟೆಂಟ್ ಇದೆ, ಭಾರತದಲ್ಲಿ ಯಾವ ಪೇಟೆಂಟೂ ಇಲ್ಲ ಅಂದರೆ, ಇಲ್ಲಿ ಅದನ್ನು ಮಾಡಿ ಇಲ್ಲೇ ಮಾರಲು ಆ ಪೇಟೆಂಟ್ ಅಡ್ಡ ಬರುವುದಿಲ್ಲ. ಇದನ್ನು ನೋಡಲು ನಮ್ಮ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಎಂಬ ಹುಡುಕುತಾಣ ಇದೆ. ಪ್ರತಿ ಶುಕ್ರವಾರ ಪೇಟೆಂಟ್ ಜರ್ನಲ್ ಬರುತ್ತದೆ. ಎರಡೂ ಉಚಿತ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ.

ಓಸ್ಸುರ್ ಅವರ 1980ರ ದಶಕದ ಆ ಚೀಲದ ಪೇಟೆಂಟುಗಳ ಅವಧಿ ಮುಗಿದು ವರ್ಷಗಳೇ ಆಗಿವೆ. ಅವರು ಬರೆದುಕೊಟ್ಟ ವಿವರ ಮಾತ್ರ ಇನ್ನೂ ಅಲ್ಲೇ ಇದೆ. ಕೃತಕ ಕಾಲು ಮಾಡುವವರು ಯಾರೇ ಆಗಲಿ, ತೆರೆದು ಓದಿ ಕೆಲಸ ಶುರು ಮಾಡಬಹುದು.