ಮೊದಲು ರಿಮ್ಮಿನ ಬೆನ್ನು ಓದಿ, ಟೈರಿನ ಅಗಲ ಆಮೇಲೆ

ಮಳೆ ಹಿಡಿಯುವುದಕ್ಕೆ ಒಂದು ವಾರ ಮೊದಲು ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಪ್ಪನ ಸ್ವಿಫ್ಟ್ ಕಾರನ್ನು ನಮ್ಮ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ನಾಲ್ಕೂ ಟೈರು ಬೋಳು. "ಅಣ್ಣ, ಕಂಪನಿಯವರು ಹಾಕಿದ್ದು ಸೈಕಲ್ ಟೈರಿನ ಹಾಗಿದೆ. ಆಗುಂಬೆ ಘಾಟಿ ಇಳಿಯುವಾಗ ಕಾರು ವಾಲುತ್ತದೆ. ಇದೇ ರಿಮ್ಮಿಗೆ 205 ಹಾಕಿಕೊಡಿ" ಎಂದ.

ಟೈರಿನ ಅಗಲವನ್ನು ಜನ ಅಂಗಿಯ ಅಳತೆಯ ಹಾಗೆ ಕೇಳುತ್ತಾರೆ. ದೊಡ್ಡದು ಕೊಟ್ಟರೆ ಒಳ್ಳೆಯದು, ಹಿಡಿಯದಿದ್ದರೆ ಒಂದು ಅಳತೆ ಕಡಿಮೆ ಮಾಡಿದರಾಯಿತು ಎಂಬ ಧಾಟಿ. ಈ ಹುಡುಗನಿಗೆ ಬೇಕಾಗಿದ್ದದ್ದು ಮೂರು: ತಿರುವಿನಲ್ಲಿ ಕಾರು ವಾಲಬಾರದು, ಮಳೆಯಲ್ಲಿ ಬ್ರೇಕು ಹಿಡಿಯಬೇಕು, ಮಡ್‌ಗಾರ್ಡಿನೊಳಗೆ ಚಕ್ರ ತುಂಬಿಕೊಂಡು ಕಾಣಬೇಕು. ಅಗಲದ ಟೈರು ಪೂರ್ತಿಯಾಗಿ ಈಡೇರಿಸುವುದು ಕೊನೆಯದನ್ನು ಮಾತ್ರ. ಮೊದಲನೆಯದಕ್ಕೆ ರಿಮ್ಮು ಸರಿಯಿದ್ದರೆ ಉಪಕಾರವಾಗುತ್ತದೆ. ಎರಡನೆಯದಕ್ಕೆ ಕೆಲವೊಮ್ಮೆ ಅಪಕಾರವೇ ಆಗುತ್ತದೆ.

ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಚಕ್ರ ಬಿಚ್ಚಿಸಿ ಮಗುಚಿ ಹಾಕಿದ್ದು. ಟೈರಿನ ಪಕ್ಕದಲ್ಲಿ 165/80 ಆರ್14 ಎಂದಿತ್ತು. ಇದರಲ್ಲಿ 165 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 80 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 80 ಭಾಗ, ಅಂದರೆ 132 ಮಿಲಿಮೀಟರ್. 14 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಷ್ಟನ್ನು ಈಗ ಹೈಸ್ಕೂಲು ಹುಡುಗರೂ ಹೇಳುತ್ತಾರೆ. ಯಾರೂ ಓದದಿರುವುದು ರಿಮ್ಮಿನ ಬೆನ್ನನ್ನು. ಕೆಸರು ಒರೆಸಿದರೆ ಅಲ್ಲೊಂದು ಅಚ್ಚು ಸಿಗುತ್ತದೆ; ಇವನ ಡಿಸ್ಕಿನ, ಅಂದರೆ ಉಕ್ಕಿನ ರಿಮ್ಮಿನ, ಮೇಲೆ 14×5ಜೆ ಎಂದಿತ್ತು. 14 ಇಂಚು ವ್ಯಾಸ, 5 ಇಂಚು ಅಗಲ, ಜೆ ಎಂಬುದು ಟೈರನ್ನು ಹಿಡಿದಿಡುವ ತುಟಿಯ ಆಕಾರದ ಗುರುತು. ಈ 5 ಇಂಚು ಎರಡು ತುಟಿಗಳ ಒಳಮೈಯಿಂದ ಒಳಮೈಗೆ ಇರುವ ಅಳತೆ. ಮನೆಯಲ್ಲಿ ಟೇಪು ಹಿಡಿದು ಹೊರ ಅಂಚಿನಿಂದ ಅಳೆದುಕೊಂಡು "ನನ್ನದು ಆರು ಇಂಚು" ಎಂದು ವಾದಕ್ಕೆ ಬಂದವರನ್ನು ನೋಡಿದ್ದೇನೆ.

ಪ್ರತಿ ಟೈರಿಗೂ ತಯಾರಕರು ಒಂದು ರಿಮ್ಮಿನ ವ್ಯಾಪ್ತಿ ಕೊಟ್ಟಿರುತ್ತಾರೆ. 185/65 ಆರ್15 ಟೈರು 5ರಿಂದ 6.5 ಇಂಚಿನವರೆಗಿನ ರಿಮ್ಮಿನ ಮೇಲೆ ಕೂರಬಹುದು. 195/60 ಆರ್15ಕ್ಕೆ 5.5ರಿಂದ 7. 205/55 ಆರ್16ಕ್ಕೆ 5.5ರಿಂದ 7.5. ಪಟ್ಟಿ ಕೈಗೆ ಸಿಗದಿದ್ದರೆ ನಮ್ಮ ಅಂಗಡಿಯ ಅಂದಾಜು ಹೀಗಿದೆ: ರಿಮ್ಮಿನ ಅಗಲ ಟೈರಿನ ಅಗಲದ ಮುಕ್ಕಾಲು ಭಾಗದ ಆಸುಪಾಸು ಇರಬೇಕು. 185 ಮಿಲಿಮೀಟರಿನ ಮುಕ್ಕಾಲು ಸುಮಾರು 139, ಅಂದರೆ ಐದೂವರೆ ಇಂಚು. 205ಕ್ಕೆ ಆರು ಇಂಚು. ಪಕ್ಕೆ ಗಿಡ್ಡವಾದಷ್ಟೂ ರಿಮ್ಮು ಇನ್ನೂ ಸ್ವಲ್ಪ ಅಗಲ ಬೇಡುತ್ತದೆ.

ಐದು ಇಂಚಿನ ಡಿಸ್ಕಿಗೆ 205 ತುರುಕಿದರೆ ಏನಾಗುತ್ತದೆ? ಕೂರುವುದೇನೋ ಕೂರುತ್ತದೆ. ಯಂತ್ರಕ್ಕೆ ಏರಿಸಿ, ಸೋಪು ನೀರು ಹಚ್ಚಿ ಒತ್ತಿದರೆ ಬಹಳಷ್ಟು ಸಂಗತಿಗಳು ಕೂರುತ್ತವೆ. ಆದರೆ ಟೈರಿನ ಬುಡ ಇಕ್ಕಟ್ಟಾಗಿ, ಹೊಟ್ಟೆ ಹೊರಗೆ ಉಬ್ಬಿ, ನೆಲ ಮುಟ್ಟುವ ಭಾಗ ನಡುವೆ ಕಮಾನಿನಂತೆ ಏಳುತ್ತದೆ. ನಡುವಿನ ಪಟ್ಟಿ ಬೇಗ ಸವೆಯುತ್ತದೆ, ಅಂಚುಗಳು ಹೊಸದಾಗಿಯೇ ಉಳಿಯುತ್ತವೆ. ಅದಕ್ಕಿಂತ ಕೆಟ್ಟದ್ದು, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ರಿಮ್ಮು ಮೊದಲು ಸರಿಯುತ್ತದೆ, ಟೈರು ಆಮೇಲೆ ಹಿಂಬಾಲಿಸುತ್ತದೆ. ಯಾವ ವಾಲುವಿಕೆಯಿಂದ ತಪ್ಪಿಸಿಕೊಳ್ಳಲು ದುಡ್ಡು ಸುರಿದನೋ ಅದೇ ದುಪ್ಪಟ್ಟಾಗುತ್ತದೆ. ತಿರುವಿನಲ್ಲಿ ಕಾರನ್ನು ಬಿಗಿಯಾಗಿ ಹಿಡಿಯುವುದರಲ್ಲಿ ಟೈರಿನ ಅಗಲಕ್ಕಿಂತ ಅದರ ಕಾಲಡಿಯ ರಿಮ್ಮಿನ ಅಗಲದ ಪಾಲೇ ಹೆಚ್ಚು ಎಂಬುದು ಇಷ್ಟು ವರ್ಷ ಟೈರು ಕಳಚಿ ಹಾಕಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ.

ಇನ್ನು ಒಟ್ಟು ಎತ್ತರದ ಲೆಕ್ಕ. 165/80 ಆರ್14 ಚಕ್ರದ ಪೂರ್ತಿ ವ್ಯಾಸ ಸುಮಾರು 620 ಮಿಲಿಮೀಟರ್: ರಿಮ್ಮು 355.6, ಮೇಲೊಂದು ಕೆಳಗೊಂದು ಪಕ್ಕೆ ಸೇರಿ 264. ಹೊಸ ಟೈರು ಯಾವುದೇ ಆಗಲಿ, ಈ ಮೊತ್ತದ ಹತ್ತಿರವೇ ಬರಬೇಕು. 14 ಇಂಚಿಗೇ 205 ಬೇಕೆಂದು 70ರ ಪಕ್ಕೆ ಹುಡುಕಿದರೆ ಚಕ್ರ 643 ಮಿಲಿಮೀಟರ್ ಆಗುತ್ತದೆ. ನೂರಕ್ಕೆ ಮೂರೂಮುಕ್ಕಾಲಿನಷ್ಟು ಹೆಚ್ಚು. ಸ್ಪೀಡೋಮೀಟರು 80 ತೋರಿಸುವಾಗ ಹಳೆಯ ಚಕ್ರದ ಲೆಕ್ಕಕ್ಕಿಂತ ಕಾರು ಮೂರು ಕಿಲೋಮೀಟರು ಹೆಚ್ಚಿನ ವೇಗದಲ್ಲಿರುತ್ತದೆ. ಓಡಿದ ದೂರ ಕಡಿಮೆ ದಾಖಲಾಗುವುದರಿಂದ ಮೈಲೇಜು ಬಿದ್ದುಹೋಯಿತು ಎಂಬ ದೂರು ಬೇರೆ. ಅದರಲ್ಲಿ ಅರ್ಧ ನಿಜ, ಅರ್ಧ ಮೀಟರಿನ ಆಟ. ಎತ್ತರದ ಚಕ್ರ ಎಂದರೆ ಗೇರು ಭಾರವಾದ ಹಾಗೆ, ಘಾಟಿ ಏರುವಾಗ ಮೂರನೆಯ ಗೇರಿನ ಜಾಗದಲ್ಲಿ ಎರಡನೆಯದು ಬೇಕಾಗುತ್ತದೆ. ಹಲವರು ನೂರಕ್ಕೆ ಮೂರರವರೆಗೆ ವ್ಯತ್ಯಾಸ ಒಪ್ಪುತ್ತಾರೆ. ನಾನು ಎರಡಕ್ಕೇ ನಿಲ್ಲುತ್ತೇನೆ.

ಈ ಲೆಕ್ಕಕ್ಕೆ ಹೊಂದುವವು ಯಾವುವು? ಅದೇ ಡಿಸ್ಕು ಉಳಿಸಿಕೊಳ್ಳುವುದಾದರೆ 185/70 ಆರ್14: ವ್ಯಾಸ 615, ಐದು ಇಂಚಿನ ರಿಮ್ಮಿಗೆ ಒಪ್ಪುತ್ತದೆ, ಬೇರೇನನ್ನೂ ಬದಲಿಸಬೇಕಿಲ್ಲ. 15 ಇಂಚಿಗೆ ಹೋದರೆ 185/65: ವ್ಯಾಸ 621.5. 195/60 ಆರ್15 ಹಾಕಿದರೆ 615. 16 ಇಂಚಿನ 195/55 ಕೂಡ 621ಕ್ಕೇ ಬರುತ್ತದೆ, ಆದರೆ ಅದರ ಪಕ್ಕೆಯ ಎತ್ತರ ಬರೀ 107 ಮಿಲಿಮೀಟರ್. ಹಳೆಯದಕ್ಕಿಂತ ಒಂದು ಇಂಚು ಗಿಡ್ಡ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ರಸ್ತೆಯಲ್ಲಿ ಉಳಿಯುವ ಗುಂಡಿಗಳ ಎದುರು ಆ ಒಂದು ಇಂಚೇ ಟೈರಿನ ಗುರಾಣಿ. ಗುಂಡಿಯ ಅಂಚಿಗೆ ಬಡಿದಾಗ ಗಿಡ್ಡ ಪಕ್ಕೆ ರಿಮ್ಮಿನ ತುಟಿಗೂ ಕಲ್ಲಿಗೂ ನಡುವೆ ಸಿಕ್ಕಿ ಒಳಗಿನ ದಾರ ತುಂಡಾಗುತ್ತದೆ. ಮರುದಿನ ಪಕ್ಕೆಯಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು. ಅದಕ್ಕೆ ಪ್ಯಾಚು ಇಲ್ಲ, ಔಷಧ ಇಲ್ಲ, ಟೈರು ಗುಜರಿಗೆ.

ಮಳೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಅಗಲದ ಟೈರು ಹೆಚ್ಚು ನೆಲ ಹಿಡಿಯುತ್ತದೆ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಕಾರಿನ ಭಾರ ಅಷ್ಟೇ, ಗಾಳಿಯ ಒತ್ತಡ ಅಷ್ಟೇ ಇದ್ದರೆ ನೆಲಕ್ಕೆ ಒತ್ತಿಕೊಳ್ಳುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಒಂದೇ ಉಂಡೆಯ ಅಕ್ಕಿ ರೊಟ್ಟಿಯನ್ನು ಉದ್ದಕ್ಕೆ ತಟ್ಟಿದರೂ ಅಡ್ಡಕ್ಕೆ ತಟ್ಟಿದರೂ ಹಿಟ್ಟು ಹೆಚ್ಚುವುದಿಲ್ಲವಲ್ಲ, ಹಾಗೆ. ಅಗಲ ಟೈರಿನಲ್ಲಿ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಈ ಆಕಾರ ಒಳ್ಳೆಯದು. ನಿಂತ ನೀರಿನಲ್ಲಿ ಒಳ್ಳೆಯದಲ್ಲ; ಎದುರಿಗೆ ತಳ್ಳಬೇಕಾದ ನೀರು ಹೆಚ್ಚು, ಅದನ್ನು ಪಕ್ಕಕ್ಕೆ ಹರಿಸಲು ಸಿಗುವ ಉದ್ದ ಕಡಿಮೆ. ಹಾಗಾಗಿ ಟೈರು ನೀರಿನ ಮೇಲೆ ತೇಲಿಕೊಳ್ಳುವ ವೇಗ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಜೀವ ಕಾಯುವುದು ಅಗಲಕ್ಕಿಂತ ಹೆಚ್ಚಾಗಿ ಗೆರೆಗಳ ಆಳ. ಕಾನೂನು 1.6 ಮಿಲಿಮೀಟರಿನವರೆಗೆ ಓಡಿಸಲು ಬಿಡುತ್ತದೆ, ಗೆರೆಯೊಳಗಿನ ಸಣ್ಣ ದಿಬ್ಬ ಅದರ ಗುರುತು. ಮಲೆನಾಡಿನವರಿಗೆ ನಾನು ಮೂರಕ್ಕೆ ಬರುವಷ್ಟರಲ್ಲೇ ಬದಲಾಯಿಸಿ ಎನ್ನುತ್ತೇನೆ. ವ್ಯಾಪಾರಕ್ಕೆ ಹೇಳುತ್ತಾನೆ ಎಂದು ಕೆಲವರು ನಗುತ್ತಾರೆ, ನಗಲಿ.

ಹುಡುಗನ ಮುಂದಿನ ಪ್ರಶ್ನೆ ಅಲಾಯ್ ರಿಮ್ಮಿನದು. ಗೆಳೆಯನೊಬ್ಬ ಹೋಂಡಾ ಸಿಟಿಯಿಂದ ಬಿಚ್ಚಿದ 15 ಇಂಚಿನ ರಿಮ್ಮುಗಳನ್ನು ಕಡಿಮೆ ದರಕ್ಕೆ ಕೊಡುತ್ತಾನಂತೆ. "ಅದಕ್ಕೂ ನಾಲ್ಕು ನಟ್ಟು, ಇದಕ್ಕೂ ನಾಲ್ಕು ನಟ್ಟು. ಎರಡಕ್ಕೂ 100 ಮಿಲಿಮೀಟರ್ ಸುತ್ತು. ಸರಿಯಾಗುತ್ತದಲ್ಲ?" ನಟ್ಟಿನ ತೂತುಗಳ ನಡುವೆ ಹಾದುಹೋಗುವ ವೃತ್ತದ ವ್ಯಾಸವನ್ನು ಅವನು ಸರಿಯಾಗಿಯೇ ಓದಿಕೊಂಡಿದ್ದ. ತೊಡಕು ಇರುವುದು ನಟ್ಟನಡುವಿನ ತೂತಿನಲ್ಲಿ. ಸ್ವಿಫ್ಟಿನ ಹಬ್ಬು, ಅಂದರೆ ರಿಮ್ಮಿನ ಆ ತೂತಿನೊಳಗೆ ಕೂರುವ ಕಾರಿನ ಕಡೆಯ ಗುಬುಟು, 54.1 ಮಿಲಿಮೀಟರಿನದು, ಹೋಂಡಾ ರಿಮ್ಮಿನ ತೂತು 56.1. ಎರಡು ಮಿಲಿಮೀಟರ್ ಸಡಿಲ. ಚಕ್ರ ನಡುವಿಗೆ ಕೂರದೆ ಒಂದು ಕೂದಲೆಳೆ ಆಚೀಚೆಯಾದರೂ ವೇಗ 80–90ಕ್ಕೆ ಏರುವಾಗ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಎಲ್ಲವೂ ಸೊನ್ನೆ ತೋರಿಸುತ್ತದೆ, ರಸ್ತೆಗಿಳಿದರೆ ಮತ್ತೆ ನಡುಕ. ಸೀಸದ ತುಂಡುಗಳನ್ನು ಅಂಟಿಸಿ ಅಂಟಿಸಿ ಸುಸ್ತಾದವರಿದ್ದಾರೆ. ನಡುವೆ ಸರಿಯಾದ ಅಳತೆಯ ಬಳೆ ಹಾಕಿದರೆ ಮಾತ್ರ ಪರಿಹಾರ. ಇದಲ್ಲದೆ ಹೋಂಡಾ ಕಂಪನಿಯ ರಿಮ್ಮಿನಲ್ಲಿ ನಟ್ಟು ಕೂರುವ ಕುಳಿ ಗೋಲಿಯಂತೆ ದುಂಡಗಿರುತ್ತದೆ, ಮಾರುತಿಯ ನಟ್ಟಿನ ಮೂತಿ ಆಲಿಕೆಯಂತೆ ಚೂಪು. ಅದನ್ನು ಇದಕ್ಕೆ ಬಿಗಿದರೆ ತೆಳ್ಳಗಿನ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಕಚ್ಚಿಕೊಳ್ಳುತ್ತದೆ. ಹೋಂಡಾದ ನಟ್ಟನ್ನೇ ತರೋಣವೆಂದರೆ ಎರಡರ ಮರೆಯ, ಅಂದರೆ ತಿರುಪಿನ ಗೆರೆಗಳ, ಅಂತರ ಬೇರೆ, ಮಾರುತಿಯದು 1.25 ಮಿಲಿಮೀಟರ್, ಹೋಂಡಾದ್ದು 1.5. ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ಮರೆ ಹೋಗುತ್ತದೆ.

ಕೊನೆಯದು, ಜನರನ್ನು ಹೆಚ್ಚು ಗೋಳಾಡಿಸುವುದು, ಇಟಿ ಎಂಬ ಸಂಖ್ಯೆ. ರಿಮ್ಮಿನ ಅಗಲದ ನಟ್ಟನಡುವಿನಿಂದ ಅದು ಹಬ್ಬಿಗೆ ಒತ್ತಿ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಲೆಕ್ಕ ಅದು. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಉದಾಹರಣೆಗೆ, 5 ಇಂಚಿನ ಇಟಿ 45 ರಿಮ್ಮು ತೆಗೆದು 6.5 ಇಂಚಿನ ಇಟಿ 35 ಹಾಕಿದಿರಿ ಎನ್ನಿ. ಅಗಲ ಒಂದೂವರೆ ಇಂಚು ಹೆಚ್ಚಿತು, ಅಂದರೆ 38 ಮಿಲಿಮೀಟರ್. ಒಳಗೆ 19, ಹೊರಗೆ 19. ಇಟಿ ಹತ್ತು ಇಳಿದದ್ದರಿಂದ ಇಡೀ ಚಕ್ರ 10 ಮಿಲಿಮೀಟರ್ ಹೊರಗೆ ಸರಿಯಿತು. ಒಟ್ಟಿನಲ್ಲಿ ರಿಮ್ಮು ಒಳಗಡೆ 9, ಹೊರಗಡೆ 29 ಮಿಲಿಮೀಟರ್ ಚಾಚಿತು. ಒಳಗಿನ 9ರಲ್ಲಿ ಶಾಕ್ ಅಬ್ಸಾರ್ಬರ್ ತಾಗಬಹುದು, ಹೊರಗಿನ 29ರಲ್ಲಿ ಮಡ್‌ಗಾರ್ಡಿನ ಅಂಚು ಟೈರನ್ನು ಕೊಯ್ಯಬಹುದು. ಬೇರಿಂಗಿಗೂ ಹೊರೆ ಹೆಚ್ಚು. ಖಾಲಿ ಕಾರಿನಲ್ಲಿ ನಿಂತು ನೋಡಿ "ಎಲ್ಲೂ ತಾಗುವುದಿಲ್ಲ" ಎಂದುಕೊಂಡು ಹೋದವರು ಮದುವೆಗೆ ಐದು ಜನ ಕೂತ ದಿನ ಫೋನು ಮಾಡುತ್ತಾರೆ. ಹೊಸ ಅಳತೆ ಹಾಕಿದಾಗಲೆಲ್ಲ ನಾನು ಅಂಗಡಿಯ ಹುಡುಗರನ್ನೇ ಹಿಂದೆ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ರಸ್ತೆಯುಬ್ಬು ದಾಟಿಸಿ, ಆಮೇಲೆ ಒಳಗಿನ ಪ್ಲಾಸ್ಟಿಕ್ಕಿನ ಮೇಲೆ ಉಜ್ಜಿದ ಗುರುತು ಇದೆಯೇ ಎಂದು ನೋಡುತ್ತೇನೆ.

ಹಳೆಯ ಅಲಾಯ್ ಕೊಳ್ಳುವವರಿಗೆ ಇಲ್ಲೊಂದು ಮಾತು. ಉಕ್ಕಿನ ಡಿಸ್ಕು ಗುಂಡಿಗೆ ಬಿದ್ದರೆ ಸೊಟ್ಟಗಾಗುತ್ತದೆ, ಅಲಾಯ್ ಸೀಳುತ್ತದೆ. ಸೀಳಿದ್ದನ್ನು ಬೆಸುಗೆ ಹಾಕಿ, ಮೇಲೆ ಮಿರುಗುವ ಬಣ್ಣ ಬಳಿದು ಮಾರುವವರಿದ್ದಾರೆ. ಮುಂಭಾಗದ ಹೊಳಪು ನೋಡಬೇಡಿ. ಟೈರಿಲ್ಲದೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿ ತಿರುಗಿಸಿ, ತುಟಿ ಹಾವಿನಂತೆ ಆಡುತ್ತದೆಯೇ ಎಂದು ನೋಡಿ, ಒಳಮೈಯನ್ನು ಬೆರಳಿನಿಂದ ಸವರಿ. ಬೆಸುಗೆಯ ಗಂಟು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ.

ಕಾನೂನಿನ ಮಾತೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನವನ್ನು ತಯಾರಕರ ವಿವರಗಳಿಗೆ ಹೊರತಾಗಿ ಬದಲಿಸುವುದನ್ನು ಒಪ್ಪುವುದಿಲ್ಲ; 2019ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಸುರಕ್ಷಿತ ದಾರಿಯೆಂದರೆ ಅದೇ ಮಾದರಿಯ ದುಬಾರಿ ಆವೃತ್ತಿಗೆ ಕಂಪನಿಯೇ ಕೊಟ್ಟಿರುವ ಅಳತೆ. ಹೊರಗಿನಿಂದ ಹಾಕಿಸಿದ ಅಲಾಯ್ ವಿಷಯವನ್ನು ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಬಿಲ್ಲು ಇಟ್ಟುಕೊಳ್ಳಿ.

ಹುಡುಗನಿಗೆ ಕೊನೆಗೆ ಒಪ್ಪಿತವಾದದ್ದು ಅದೇ. ಸ್ವಿಫ್ಟಿನ ಮೇಲಿನ ಆವೃತ್ತಿಗೆ ಬರುವ 15 ಇಂಚಿನ ಕಂಪನಿ ರಿಮ್ಮು, 185/65 ಟೈರು. ಹೊಸ ಕಾರು ತಂದ ವಾರದಲ್ಲೇ ದೊಡ್ಡ ಅಲಾಯ್ ಹಾಕಿಸಿಕೊಂಡು ಕಂಪನಿಯದನ್ನು ಬಿಟ್ಟುಹೋಗುವವರಿಂದ ಇಂಥ ರಿಮ್ಮು ನಮಗೆ ಸಿಗುತ್ತಿರುತ್ತದೆ. ಹಬ್ಬಿನ ತೂತು, ನಟ್ಟು, ಇಟಿ ಯಾವುದರ ತಕರಾರೂ ಇಲ್ಲ. ಟೈರಿನ ಮೇಲಿನ 88 ಎಂಬ ಭಾರದ ಸೂಚಿ ನೋಡಿದೆ, ಒಂದು ಟೈರಿಗೆ 560 ಕಿಲೋ. ಬದಲಿ ಟೈರಿನಲ್ಲಿ ಈ ಸಂಖ್ಯೆ ಕಂಪನಿಯದಕ್ಕಿಂತ ಇಳಿಯಬಾರದು. ತಯಾರಾದ ವಾರ ಮತ್ತು ವರ್ಷ ತೋರಿಸುವ ನಾಲ್ಕು ಅಂಕಿಗಳನ್ನೂ ಅವನಿಂದಲೇ ಓದಿಸಿದೆ. ಗಾಳಿ ಎಷ್ಟೆಂದು ಕೇಳಿದ್ದಕ್ಕೆ ಚಾಲಕನ ಬಾಗಿಲ ಪಕ್ಕದ ಚೀಟಿ ತೋರಿಸಿದೆ. ಸ್ಟೆಪ್ನಿ ಹಳೆಯ 165 ಆಗಿಯೇ ಉಳಿಯಿತು. ವ್ಯಾಸದಲ್ಲಿ ಎರಡು ಮಿಲಿಮೀಟರ್ ಮಾತ್ರ ವ್ಯತ್ಯಾಸ; ಪಂಕ್ಚರ್ ಅಂಗಡಿ ತಲುಪಲು ಧಾರಾಳವಾಗಿ ಸಾಕು.

205 ಅಲ್ಲವಲ್ಲ ಎಂಬ ಬೇಸರ ಅವನ ಮುಖದಲ್ಲಿ ಉಳಿದೇ ಇತ್ತು. ನೂರು ಕಿಲೋಮೀಟರ್ ಓಡಿಸಿ ನಟ್ಟು ಬಿಗಿ ಮಾಡಿಸಲು ಬಾ ಎಂದು ಕಳಿಸಿದೆ. ಹತ್ತು ದಿನದ ಮೇಲೆ ಬಂದ. ಉಡುಪಿಗೆ ಹೋಗಿ ಬಂದನಂತೆ, ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಜಡಿಮಳೆಯಲ್ಲಿ ಇಳಿದನಂತೆ. "ವಾಲುವುದು ಕಡಿಮೆಯಾಗಿದೆ ಅಣ್ಣ, ಆದರೆ ಗುಂಡಿ ಸ್ವಲ್ಪ ಜಾಸ್ತಿ ಗೊತ್ತಾಗುತ್ತದೆ" ಎಂದ. ಟಾರ್ಕ್ ಪಾನಾ ಹಿಡಿದು ಒಂದೊಂದೇ ನೋಡುತ್ತಾ ಬಂದೆ. ಹದಿನಾರು ನಟ್ಟುಗಳಲ್ಲಿ ಎರಡು ಕಾಲು ಸುತ್ತು ತಿರುಗಿದವು.